ಪುಸ್ತಕದ ಗಂಟು ಬಂದ ದಾರಿ

ಹುಬ್ಬಳ್ಳಿಯನ್ನು ಬಿಟ್ಟು ಹರಿಹರದ ಕಡೆಗೆ ಸಾಗುವ ರೈಲಿನಲ್ಲಿ ಕುಳಿತವರಿಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಹೆಸರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಎರೆಯ ಹೊಲ, ಕೆಂಪು ಮಣ್ಣಿನ ಹೊಲ, ಹತ್ತಿ, ಗೋವಿನಜೋಳ, ಮೆಣಸಿನಕಾಯಿ—ಇದು ಕಿಟಕಿಯಾಚೆಯ ನೋಟ. ಮಲೆನಾಡಿನ ಚೆಲುವನ್ನು ಬಯಸಿ ಹೊರಟವರು ಇಲ್ಲಿ ಇಳಿಯುವುದಿಲ್ಲ. ಹಂಪೆಯ ವೈಭವವನ್ನು ಕಾಣಬಯಸುವವರ ದಾರಿಯೂ ಬೇರೆ. ಆದರೂ ಮನೆಯಲ್ಲಿ ನಾಲ್ಕು ಕನ್ನಡ ಕಾದಂಬರಿಗಳನ್ನು ಇಟ್ಟುಕೊಂಡ ಯಾವ ಕುಟುಂಬವೇ ಆಗಲಿ, ಈ ನೆಲಕ್ಕೆ ಒಂದು ಋಣವನ್ನು ಸಲ್ಲಿಸಬೇಕಾಗಿದೆ. “ಓದಲು ಒಳ್ಳೆಯ ಪುಸ್ತಕ ಯಾವುದು?” ಎಂಬ ಪ್ರಶ್ನೆಗೆ ಉತ್ತರವು ಮನೆಯ ಬಾಗಿಲಿಗೇ ನಡೆದು ಬಂದದ್ದು ಈ ಸೀಮೆಯಲ್ಲಿ.

ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯ ಕೇಂದ್ರವಾಯಿತು. ಊರಿನ ಹಳಮೆಯಾದರೋ ಅದಕ್ಕಿಂತ ಬಹು ಹಿಂದಿನದು. ಕಲ್ಯಾಣದ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯವು ವಾಡಿಕೆಗೆ ವಿರುದ್ಧವಾಗಿ ಪಶ್ಚಿಮಾಭಿಮುಖವಾಗಿದೆ. ಸಂಜೆಯ ಬಿಸಿಲಿನಲ್ಲಿ ಅದರ ಕಂಬಗಳ ನುಣುಪು ಕಣ್ಣನ್ನು ಸೆಳೆಯುತ್ತದೆ. ಊರಿನ ಇನ್ನೊಂದು ಕೀರ್ತಿ ಏಲಕ್ಕಿಯ ಮಾಲೆ. ಏಲಕ್ಕಿ ಈ ಬಯಲಿನ ಬೆಳೆಯಲ್ಲ, ಮಲೆನಾಡಿನದು. ಆದರೆ ಅದನ್ನು ಆರಿಸಿ, ಹೊಂದಿಸಿ, ಬಣ್ಣದ ನೂಲಿನಲ್ಲಿ ಪೋಣಿಸಿ ಮಾಲೆಯಾಗಿಸುವ ಕೈ ಹಾವೇರಿಯ ಪಟವೇಗಾರ ಮನೆತನದ್ದು. ಅತಿಥಿಗಳ ಕೊರಳನ್ನು ಸೇರಿದಾಗ ಅದು ‘ಹಾವೇರಿಯ ಮಾಲೆ’ ಎಂದೇ ಕರೆಯಿಸಿಕೊಳ್ಳುತ್ತದೆ.

ಇದೇ ಮಾತನ್ನು ಈ ತಾಲೂಕಿನಲ್ಲಿ ಹುಟ್ಟಿದ ಒಬ್ಬ ಬರಹಗಾರರ ವಿಷಯದಲ್ಲಿಯೂ ಹೇಳಬಹುದು.

ವರದಾ ನದಿಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಗ್ರಾಮವಿದೆ. ಸಂಗಮದ ದಡದಲ್ಲಿ ಗಳಗೇಶ್ವರನ ಗುಡಿ. ಬುಡದಲ್ಲಿ ಅಗಲವಾಗಿ, ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುವ ಅದರ ಅಧಿಷ್ಠಾನವು ಬೇರೆ ಚಾಲುಕ್ಯ ದೇವಾಲಯಗಳಲ್ಲಿ ಅಪರೂಪ. 1869ರಲ್ಲಿ ಈ ಊರಿನಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡಿಗರು ಊರಿನ ಹೆಸರಿನಿಂದಲೇ ‘ಗಳಗನಾಥ’ರೆಂದು ಬಲ್ಲರು.

ಅವರು ಬರೆಯತೊಡಗಿದ ಕಾಲವನ್ನು ನೆನೆಯಬೇಕು. ಆಗ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಾಲೆ, ಕಚೇರಿ, ಪ್ರತಿಷ್ಠೆ ಎಲ್ಲದರಲ್ಲಿಯೂ ಮರಾಠಿಯ ಪ್ರಭಾವ. ಕಲಿತವರ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಓದುವುದು ಮರಾಠಿ ಎಂಬ ಸ್ಥಿತಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಈ ಕೊರಗಿನಿಂದಲೇ. ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳಿಗೆ ಜನ ಮನಸೋತಿದ್ದರು. ಗಳಗನಾಥರು ಆ ಕಥೆಗಳನ್ನು ಕನ್ನಡಕ್ಕೆ ತಂದರು. ತಾವೇ ಸ್ವತಂತ್ರವಾಗಿಯೂ ಬರೆದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ ಅವರ ಹೆಸರನ್ನು ಇಂದಿಗೂ ಉಳಿಸಿರುವ ಕೃತಿ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಲಿಯಿಂದ ಮಾಡಿದ್ದನ್ನು ಇತ್ತ ಗಳಗನಾಥರು ಮರಾಠಿಯಿಂದ ಮಾಡಿದರು. ಏಲಕ್ಕಿ ಹೊರಗಿನದಾದರೇನು, ಮಾಲೆ ನಮ್ಮದಾಯಿತು.

ಬರೆದರೆ ಸಾಲದು, ಅದು ಓದುವವನ ಕೈಗೆ ಸೇರಬೇಕು. ಹಳ್ಳಿಯಲ್ಲಿ ಪುಸ್ತಕದ ಅಂಗಡಿಯಿಲ್ಲ. ಕನ್ನಡದಲ್ಲಿ ಕಾದಂಬರಿ ಇದೆಯೆಂದು ಹೇಳುವವರೂ ಇಲ್ಲ. ಗಳಗನಾಥರು ಇದಕ್ಕೆ ಎರಡು ಮಾರ್ಗಗಳನ್ನು ಹಿಡಿದರು. ಒಂದು, ಪತ್ರಿಕೆ. ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅಂಚೆಯಣ್ಣನ ಚೀಲದಲ್ಲಿ ಅದು ಹಳ್ಳಿಯ ಮನೆಗಳನ್ನು ಹೊಕ್ಕಿತು.

ಎರಡನೆಯ ಮಾರ್ಗ ಕಾಲ್ನಡಿಗೆಯದು. ತಮ್ಮ ಪುಸ್ತಕಗಳ ಗಂಟನ್ನು ಕಟ್ಟಿ, ತಲೆಯ ಮೇಲೆ ಹೊತ್ತು, ಅವರು ಊರಿಂದೂರಿಗೆ ತಿರುಗಿದರು. ಹೊಸ್ತಿಲಲ್ಲಿ ನಿಂತ ಆ ಮನುಷ್ಯ ಬರಿಯ ಮಾರಾಟಗಾರನಾಗಿರಲಿಲ್ಲ. ಗಂಟಿನೊಳಗಿನ ಪ್ರತಿಯೊಂದು ಪುಟವೂ ಅವರಿಗೆ ಗೊತ್ತು. ‘ಇದರಲ್ಲಿ ಏನಿದೆ?’ ಎಂದು ಕೇಳಿದವರಿಗೆ ಉತ್ತರ ಸಿದ್ಧವಾಗಿತ್ತು. ಮನೆಯಲ್ಲಿ ಓದುವವರು ಯಾರು ಎಂಬುದು ಕಣ್ಣೆದುರಿಗೇ ಇತ್ತು. ಪುಸ್ತಕವನ್ನೂ ಓದುಗನನ್ನೂ ಎರಡನ್ನೂ ಬಲ್ಲವನೇ ನಿಜವಾದ ಶಿಫಾರಸುಗಾರ. ಆದರೆ ಬರೆದ ಕೈಯೇ ಗಂಟನ್ನೂ ಹೊರಬೇಕಾದ ಬಾಳು ಸುಖದ ಬಾಳಲ್ಲ. 1942ರಲ್ಲಿ ಅವರು ತೀರಿಕೊಂಡರು. ಒಂದು ಭಾಷೆಯ ಓದುಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಲು ಎಷ್ಟು ಸವೆಯಬೇಕು ಎಂಬುದಕ್ಕೆ ಆ ನಡಿಗೆಯೇ ಸಾಕ್ಷಿ.

ಅವರು ಕೂಡಿಸಿದ ಓದುಗರು ಮುಂದಿನವರಿಗೆ ಒದಗಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರು ಮುಂಗಡ ಹಣ ಕೊಟ್ಟು, ಬರಲಿರುವ ಪುಸ್ತಕಕ್ಕಾಗಿ ಕಾದರು. ಇನ್ನೂ ಕಾಣದ ಪುಸ್ತಕಕ್ಕೆ ಹಣ ಕೊಡುವುದೆಂದರೆ ಆರಿಸುವವನ ರುಚಿಯ ಮೇಲಿನ ವಿಶ್ವಾಸವಲ್ಲದೆ ಮತ್ತೇನು? ಹಾವೇರಿ ತಾಲೂಕಿನ ಕುರಬಗೊಂಡದವರಾದ ಪಾಟೀಲ ಪುಟ್ಟಪ್ಪನವರು 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆಯನ್ನು ಹೊರಡಿಸಿ ಓದಿನ ಹಸಿವನ್ನು ಇನ್ನಷ್ಟು ಕೆರಳಿಸಿದರು.

ಹಾವೇರಿಯಿಂದ ಮುಂದೆ ಬ್ಯಾಡಗಿ. ಊರು ಕಾಣುವ ಮುನ್ನವೇ ಮೂಗಿಗೆ ಅದರ ಪರಿಚಯ. ಸುಗ್ಗಿಯ ದಿನಗಳಲ್ಲಿ, ಅದರಲ್ಲಿಯೂ ಸಂತೆಯ ದಿನಗಳಾದ ಸೋಮವಾರ ಮತ್ತು ಗುರುವಾರಗಳಲ್ಲಿ, ಮಾರುಕಟ್ಟೆಯ ಪ್ರಾಂಗಣವೆಲ್ಲ ಕೆಂಪು. ಮೈತುಂಬ ಸುಕ್ಕು, ಗಾಢವಾದ ಬಣ್ಣ, ಕಡಿಮೆ ಖಾರ—ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಇದರ ಬಣ್ಣವನ್ನು ತೆಗೆದು ಆಹಾರಕ್ಕೂ ತುಟಿಯ ರಂಗಿಗೂ ಬಳಸುತ್ತಾರೆ. ನುರಿತ ವ್ಯಾಪಾರಿ ಹೆಸರನ್ನು ಕೇಳಿ ಬೆಲೆ ಕಟ್ಟುವುದಿಲ್ಲ. ಒಂದು ಹಿಡಿ ಕಾಯನ್ನು ಕೈಗೆ ತೆಗೆದುಕೊಂಡು ನೋಡುತ್ತಾನೆ. ಹೊಗಳಿಕೆ ಎಷ್ಟೇ ಇರಲಿ, ಎರಡು ಪುಟ ಓದಿ ನೋಡದೆ ಪುಸ್ತಕವನ್ನು ಕೊಳ್ಳುವವರು ಬ್ಯಾಡಗಿಯ ಪೇಟೆಯಿಂದ ಕಲಿಯಬೇಕಾದ ಪಾಠ ಇದು.

ದೇವರಗುಡ್ಡವನ್ನು ದಾಟಿದರೆ ರಾಣೇಬೆನ್ನೂರು. ಹತ್ತಿಯ, ಬಿತ್ತನೆ ಬೀಜದ ವ್ಯಾಪಾರದ ಊರು. ಹತ್ತಿರದಲ್ಲಿಯೇ 1974ರಲ್ಲಿ ಘೋಷಿತವಾದ ಕೃಷ್ಣಮೃಗಗಳ ಅಭಯಾರಣ್ಯವಿದೆ. ‘ಬಕುಳದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕವಿ ಸು. ರಂ. ಎಕ್ಕುಂಡಿಯವರು 1923ರಲ್ಲಿ ಹುಟ್ಟಿದ್ದು ಇಲ್ಲಿ. ಅಧ್ಯಾಪಕರಾಗಿ ಬಾಳಿದ್ದು ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ. ಕಥೆಯನ್ನು ಕವನದಲ್ಲಿ ಹೇಳುವ ಅವರ ಕಲೆ ಮಕ್ಕಳಿಗೂ ಹಿರಿಯರಿಗೂ ಒಪ್ಪುವಂಥದು. ಆದರೆ ಪ್ರಶಸ್ತಿಯ ಸುದ್ದಿ ನಾಲ್ಕು ದಿನದ್ದು. ಆಮೇಲೆ ಒಂದು ಕವನ ಸಂಕಲನವು ಬದುಕುವುದು, ಒಬ್ಬ ಓದುಗ ಮತ್ತೊಬ್ಬನ ಕೈಗೆ ಅದನ್ನು ಇಟ್ಟು “ಇದನ್ನೊಮ್ಮೆ ಓದಿ ನೋಡಿ” ಎಂದು ಹೇಳುವುದರಿಂದ ಮಾತ್ರ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು. 2021ರಲ್ಲಿಯೇ ನಡೆಯಬೇಕಾಗಿದ್ದ ಅದು ಕೊರೋನಾ ಪಿಡುಗಿನಿಂದ ಮುಂದೆ ಹೋಗಿತ್ತು. ದೊಡ್ಡರಂಗೇಗೌಡರು ಅಧ್ಯಕ್ಷರು. ಯಾವ ಸಮ್ಮೇಳನದಲ್ಲಿಯೂ ವೇದಿಕೆಯಷ್ಟೇ ಜನರನ್ನು ಸೆಳೆಯುವುದು ಪುಸ್ತಕ ಮಳಿಗೆಗಳ ಸಾಲು. ಒಂದು ಕಾಲದಲ್ಲಿ ಒಂದೇ ಗಂಟಿಗಾಗಿ ಕಾಯುತ್ತಿದ್ದ ಸೀಮೆಗೆ ಹೀಗೆ ಪುಸ್ತಕಗಳ ಪೇಟೆಯೇ ಬಂದಿಳಿಯಿತು. ಅಂದಿನ ಕಷ್ಟ ಪುಸ್ತಕ ಸಿಗದಿರುವುದು. ಇಂದಿನ ಕಷ್ಟ, ರಾಶಿಯಲ್ಲಿ ತನ್ನದು ಯಾವುದೆಂದು ತಿಳಿಯದಿರುವುದು. ಆದ್ದರಿಂದ ಬಲ್ಲವರ ಒಂದು ಮಾತಿಗೆ ಬೆಲೆ ತಗ್ಗಿಲ್ಲ, ಏರಿದೆ.

ಆ ಮಾತು ಇಂದು ಅನೇಕ ದಾರಿಗಳಲ್ಲಿ ಬರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಬಳಿಕ ಪಟ್ಟಣಗಳಲ್ಲಿ ಗ್ರಂಥಾಲಯಗಳು ಬೆಳೆದವು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ರಾಣೇಬೆನ್ನೂರಿನ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ಕೇಳಿದ ಪ್ರಶ್ನೆಗೆ ಮುಂಬಯಿಯ ಕನ್ನಡಿತಿಯೊಬ್ಬಳು ಗಳಿಗೆಯಲ್ಲಿ ಉತ್ತರಿಸಬಹುದು. ಸೌಲಭ್ಯವೇನೋ ದೊಡ್ಡದು. ಆದರೆ ಓದದೆಯೇ ಹೊಗಳುವವರೂ, ಗೆಳೆಯನ ಪುಸ್ತಕವೆಂದು ಹೊಗಳುವವರೂ ಅಲ್ಲಿ ಸೇರಿಕೊಳ್ಳುತ್ತಾರೆ. ಕೇಳಿದವನು ಯಾರು, ಅವನ ವಯಸ್ಸೆಷ್ಟು, ಹಿಂದೆ ಓದಿದ್ದೇನು ಎಂದು ವಿಚಾರಿಸುವವರು ಕಡಿಮೆ. ಹತ್ತು ಹೆಸರುಗಳ ಪಟ್ಟಿಯನ್ನು ಕೊಡುವುದು ಸುಲಭ. ‘ನಿಮಗೆ ಈಗ ಇದು ಸಲ್ಲುತ್ತದೆ’ ಎಂದು ಒಂದೇ ಹೆಸರನ್ನು ಹೇಳುವುದು ಕಷ್ಟ. ಈ ಕಷ್ಟವನ್ನು ವಹಿಸಿಕೊಳ್ಳುವ ಒಬ್ಬ ಗ್ರಂಥಪಾಲಕ, ಒಬ್ಬ ಶಿಕ್ಷಕಿ, ಒಬ್ಬ ಅಜ್ಜಿ ಇರುವ ಊರಿನಲ್ಲಿ ಓದು ಸಾಯುವುದಿಲ್ಲ.

ರಜೆಯ ದಿನಗಳಲ್ಲಿ ಮಕ್ಕಳೊಡನೆ ಇತ್ತ ಬರುವವರು ಹಾವೇರಿಯಲ್ಲಿ ತಂಗಿ, ಸಿದ್ಧೇಶ್ವರನನ್ನು ಕಂಡು, ಅಗಡಿಯ ಆನಂದವನವನ್ನೂ ಗಳಗನಾಥದ ಸಂಗಮವನ್ನೂ ನೋಡಿ ಬರಬಹುದು. ಪೇಟೆಯಲ್ಲಿ ಏಲಕ್ಕಿ ಮಾಲೆಯನ್ನೂ ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನೂ ಕೊಳ್ಳಲು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲದಲ್ಲಿ ತಾವು ಓದಿ ಮೆಚ್ಚಿದ ಒಂದು ಪುಸ್ತಕವನ್ನೂ ತಂದು, ದಾರಿಯಲ್ಲಿ ಸಿಕ್ಕ ಯಾವುದಾದರೂ ಗ್ರಾಮದ ಅರಿವು ಕೇಂದ್ರಕ್ಕೆ ಕೊಟ್ಟು ಹೋದರೆ, ಗಳಗನಾಥರ ಗಂಟು ಒಂದು ಹೆಜ್ಜೆ ಮುಂದೆ ಸಾಗಿದಂತಾಗುತ್ತದೆ.