ಗೋಕರ್ಣದಿಂದ ಮುರುಡೇಶ್ವರಕ್ಕೆ, ಒಂದು ರವಿವಾರ

ಗೋಕರ್ಣ, ಮುರುಡೇಶ್ವರ ಎರಡನ್ನೂ ಒಂದೇ ದಿನದಲ್ಲಿ ನೋಡಿಬಂದೆವು ಎಂದಾಗ ವಿಭಾಗದ ಗೆಳೆಯನೊಬ್ಬ ನಕ್ಕ. ‘ಅದು ಪ್ರವಾಸ ಅಲ್ಲ, ಹಾಜರಿ ಹಾಕೋದು’ ಎಂದ. ಒಂದೂರಿನಲ್ಲಿ ನಾಲ್ಕು ದಿನ ಇದ್ದು, ಅಲ್ಲಿನ ಚಹಾ ಅಂಗಡಿಯವನ ಪರಿಚಯವಾದ ಮೇಲೆಯೇ ಆ ಊರು ನೋಡಿದಂತೆ ಎನ್ನುವುದು ಅವನ ವಾದ. ಚೆಂದದ ವಾದವೇ. ಆದರೆ ಅದರೊಳಗೆ ನಾಲ್ಕು ದಿನದ ರಜೆ ಅಡಗಿ ಕೂತಿದೆ.

ನನ್ನ ಅವ್ವ ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸೋಮವಾರದಿಂದ ಶನಿವಾರದ ತನಕ ಶಾಲೆಯ ಒಲೆ, ಬೇಸಿಗೆ ರಜೆಯಲ್ಲಿ ಹೊಲ. ಊರಿನಿಂದ ಕುಮಟಾದ ಕಡಲು 150 ಕಿ.ಮೀ. ಆಸುಪಾಸು, ಆದರೂ ಐವತ್ಮೂರು ವರ್ಷಕ್ಕೆ ಅವಳು ಸಮುದ್ರ ಕಂಡಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾದ ಮೇಲೆ ಅವಳ ಓಣಿಯವರೆಲ್ಲ ಧರ್ಮಸ್ಥಳ, ಸವದತ್ತಿ ಮುಗಿಸಿದರು. ಅವ್ವನಿಗೆ ಬಸ್ಸು ಪುಕ್ಕಟೆಯಾಯಿತು, ದಿನ ಪುಕ್ಕಟೆಯಾಗಲಿಲ್ಲ. ಸಿಕ್ಕಿದ್ದು ನವೆಂಬರಿನ ಒಂದು ರವಿವಾರ. ‘ಗೋಕರ್ಣಕ್ಕ ಹೋಗೂಣು’ ಎಂದವಳು ಎರಡು ದಿನ ಬಿಟ್ಟು ಫೋನು ಮಾಡಿ, ‘ಅಲ್ಲೇ ಹತ್ರ ಆ ದೊಡ್ಡ ಶಿವಪ್ಪ ಅದಾನಂತಲ್ಲ?’ ಎಂದು ಕೇಳಿದಳು.

ಹತ್ತಿರವೇ. ರಸ್ತೆಯಲ್ಲಿ ಎಪ್ಪತ್ತೈದು-ಎಂಬತ್ತು ಕಿ.ಮೀ. ಆದರೆ ಬಸ್ಸಿನಲ್ಲಿ ಅದು ಗೋಕರ್ಣ–ಕುಮಟಾ, ಕುಮಟಾ–ಹೊನ್ನಾವರ, ಅಲ್ಲಿಂದ ಭಟ್ಕಳದ ಬಸ್ಸು ಹಿಡಿದು ಮುರುಡೇಶ್ವರ ಕ್ರಾಸ್, ಕ್ರಾಸಿನಿಂದ ಆಟೋ. ಮಧ್ಯಾಹ್ನ ಎರಡೂ ಗುಡಿಗಳ ಬಾಗಿಲು ಮುಚ್ಚುತ್ತವೆ. ಹಾಗಾಗಿ ಲೆಕ್ಕ ಸರಳ: ಬಾಗಿಲು ಮುಚ್ಚಿದ ಹೊತ್ತನ್ನು ಬಸ್ಸಿನಲ್ಲಿ ಕಳೆಯಬೇಕು. ಮುಂಜಾನೆ ಗೋಕರ್ಣ, ಇಳಿಹೊತ್ತಿಗೆ ಮುರುಡೇಶ್ವರ. ಓಂ ಬೀಚ್ ಬಿಡಬೇಕು, ಮಿರ್ಜಾನ್ ಕೋಟೆ ಬಿಡಬೇಕು. ಐದನೇ ವರ್ಷದ ಪಿಎಚ್.ಡಿ. ವಿದ್ಯಾರ್ಥಿನಿಗೆ ವೇಳಾಪಟ್ಟಿ ಬರೆಯುವುದು ಚೆನ್ನಾಗಿ ಗೊತ್ತಿರುತ್ತದೆ. ಪಾಲಿಸುವ ಮಾತು ಬೇರೆ.

ಶನಿವಾರ ರಾತ್ರಿ ಹುಬ್ಬಳ್ಳಿಯಲ್ಲಿ ಕೂಡಿದೆವು. ಯಲ್ಲಾಪುರ, ಅರಬೈಲು ಘಟ್ಟ ಎಲ್ಲ ನಿದ್ದೆಯಲ್ಲೇ ದಾಟಿತು. ಅಂಕೋಲಾದಲ್ಲಿ ಇಳಿದು ಬಸ್ಸು ಬದಲಿಸಿ, ಬೆಳಗಾಗುವಷ್ಟರಲ್ಲಿ ಗೋಕರ್ಣ.

ಗೋಕರ್ಣದಲ್ಲಿ ಮೊದಲು ಸಮುದ್ರಸ್ನಾನ, ಆಮೇಲೆ ಗಣಪತಿ, ಆಮೇಲೆ ಮಹಾಬಲೇಶ್ವರ. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗಿಳಿದಳು. ತೆರೆ ಬಂದು ಹಿಂದಕ್ಕೆ ಹೋಗುವಾಗ ಪಾದದಡಿಯ ಮರಳು ಜಾರಿತು. ‘ಏ ಯವ್ವಾ, ಕಾಲಾಗಿನ ನೆಲಾನ ಎಳಕೊಂಡ ಹೊಂಟೈತಿ!’ ಎಂದು ನನ್ನ ರಟ್ಟೆ ಹಿಡಿದಳು. ಹೆದರಿದಳೋ ನಕ್ಕಳೋ ಗೊತ್ತಾಗಲಿಲ್ಲ. ಮೂರು ಮುಳುಗು ಹಾಕಿ ಬಂದು ಒದ್ದೆ ಸೀರೆಯಲ್ಲೇ ಮರಳಿನ ಮೇಲೆ ಕೂತಳು. ಮಾತಿಲ್ಲ. ಇದಕ್ಕೆಂದು ನಾನು ಅರ್ಧ ಗಂಟೆ ಇಟ್ಟಿದ್ದೆ, ಐವತ್ತು ನಿಮಿಷವಾಯಿತು. ಕೋಟಿತೀರ್ಥವನ್ನೂ ಪಟ್ಟಿಯಿಂದ ತೆಗೆದುಹಾಕಿದೆ. ಗುಡಿಯಲ್ಲಿ ಪೀಠದ ಸಣ್ಣ ರಂಧ್ರದೊಳಗೆ ಬೆರಳಿಟ್ಟು ಆತ್ಮಲಿಂಗವನ್ನು ಮುಟ್ಟುವುದು ಪದ್ಧತಿ. ಅವಳಿಗೆ ಸಿಕ್ಕಿದ್ದು ಒಂದು ಗಳಿಗೆ. ಹಿಂದಿದ್ದವರು ತಳ್ಳಿದರು. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. ‘ಮುಟ್ಟಿದೆ ತಗೋ’ ಎಂದಳು.

ಹೊನ್ನಾವರದ ಸೇತುವೆ ಮೇಲೆ ಬಸ್ಸು ಹೋಗುವಾಗ, ‘ಇದೂ ಸಮುದ್ರ ಏನ?’ ಎಂದು ಕೇಳಿದಳು. ಶರಾವತಿ ಎಂದೆ. ಕಡಲು ಸೇರುವಲ್ಲಿ ಆ ನದಿಯ ಅಗಲ ನೋಡಿದರೆ ಯಾರೂ ಕೇಳುವ ಪ್ರಶ್ನೆಯೇ. ಅದರ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿ.ಮೀ.ಗೂ ಉದ್ದವಿದೆ. ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಳು.

ಮುರುಡೇಶ್ವರದ 123 ಅಡಿಯ ಶಿವನನ್ನು ಅವಳು ತಲೆಯೆತ್ತಿ ನೋಡಿ ಕೈಮುಗಿದಳು. ಗೋಪುರದ ಲಿಫ್ಟಿನ ಸಾಲು ನೋಡಿ ಬೇಡವೆಂದಳು. ಅವಳು ನಿಂತದ್ದು ಮೂರ್ತಿಯ ಕೆಳಗಿನ ಗುಹೆಯಲ್ಲಿ. ಅಲ್ಲಿ ರಾವಣನ ಕಥೆಯ ಬೊಂಬೆಗಳಿವೆ. ರಾವಣ ಲಿಂಗ ಹೊತ್ತು ಲಂಕೆಗೆ ಹೊರಟದ್ದು, ಗೋಕರ್ಣದಲ್ಲಿ ಹೊತ್ತು ಮುಳುಗಿದ್ದು, ಸಂಧ್ಯಾವಂದನೆ ಮುಗಿಸಿ ಬರುವಷ್ಟರಲ್ಲಿ ವಟುವಾಗಿ ಬಂದ ಗಣಪತಿ ಲಿಂಗವನ್ನು ನೆಲಕ್ಕಿಟ್ಟದ್ದು, ಸಿಟ್ಟಿನಲ್ಲಿ ರಾವಣ ಎಸೆದ ವಸ್ತ್ರ ಈ ಕಂದುಕಗಿರಿಗೆ ಬಂದು ಬಿದ್ದದ್ದು. ಹಾಗೆ ನೋಡಿದರೆ ಈ ಎರಡು ಊರುಗಳನ್ನು ಒಂದೇ ದಿನದಲ್ಲಿ ಮೊದಲು ಜೋಡಿಸಿದವನು ಅವನೇ. ಲಿಂಗ ಯಾರಿಗೆ ಬೇಕಿತ್ತು ಎಂದು ಅವ್ವ ಕೇಳಿದಳು. ಅವನ ತಾಯಿಗೆ, ಅವಳು ಪೂಜಿಸುತ್ತಿದ್ದ ಮರಳಿನ ಲಿಂಗ ಕಡಲಿನ ಪಾಲಾಗಿತ್ತು ಎಂದೆ.

‘ಅವ್ವನ ಸಲುವಾಗಿ ಹೋಗಿದ್ದಾ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅಷ್ಟರಾಗ ಹೊತ್ತು ಮುಳುಗೇತಿ. ಪಾಪ’ ಎಂದಳು.

ಹೊರಗೆ ಬಂದಾಗ ನಿಜವಾಗಿಯೂ ಹೊತ್ತು ಇಳಿಯುತ್ತಿತ್ತು. ಗುಡ್ಡದ ಮೂರು ಕಡೆ ನೀರು. ಕಟ್ಟೆಯ ಮೇಲೆ ಕೂತು ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸೂರ್ಯ ಪೂರ್ತಿ ಮುಳುಗುವವರೆಗೆ ಅವಳು ಏಳಲಿಲ್ಲ, ನಾನೂ ಏಳಿಸಲಿಲ್ಲ. ರಾತ್ರಿ ಬಸ್ಸಿನಲ್ಲಿ ದಿನದ ಶೂನ್ಯ ಟಿಕೆಟ್‌ಗಳನ್ನೆಲ್ಲ ಎಣಿಸಿ, ಮಡಚಿ, ಎಲೆಯಡಿಕೆ ಚೀಲದಲ್ಲಿಟ್ಟಳು.

ಸೋಮವಾರ ಹತ್ತು ಗಂಟೆಗೆ ಫೋನು ಮಾಡಿದೆ. ಹಿಂದೆ ಕುಕ್ಕರಿನ ಸೀಟಿ, ಹುಡುಗರ ಗದ್ದಲ. ‘ಮೈ ಕೈ ನೋವದಾವು, ಇರಲಿ’ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: ‘ಉಡುಪಿ, ಕೊಲ್ಲೂರು ಎರಡೂ ಒಂದ ರವಿವಾರದಾಗ ಆಗ್ತಾವೇನು, ನೋಡು.’