ಅಳಿಸಬೇಡ ಎನ್ನಬೇಕಿತ್ತು

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕದ ನನ್ನ ಪಾಠಯೋಜನೆಯಲ್ಲಿ ಒಂದು ಹೆಚ್ಚುವರಿ ಚಟುವಟಿಕೆ ಇತ್ತು. ಲೋಹ ಹೇಗೆ ಹಿಗ್ಗುತ್ತದೆಂದು ಕಂಪ್ಯೂಟರ್ ದತ್ತಾಂಶದಿಂದ ಕಲಿಯುವ ಬಗೆಯನ್ನು ಕಂಪ್ಯೂಟರ್ ಇಲ್ಲದೆಯೇ ತೋರಿಸುವುದು. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಪೆನ್ಸಿಲಿಗೆ ಸುತ್ತಿ ಸ್ಪ್ರಿಂಗ್ ಮಾಡಿಕೊಂಡೆವು. ಹತ್ತತ್ತು ಗ್ರಾಂ ತೂಗಿಬಿಟ್ಟು, ಹಿಗ್ಗಿದ್ದನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. 40 ಗ್ರಾಂವರೆಗಿನ ಬಿಂದುಗಳೇ ನಮ್ಮ ತರಬೇತಿ ದತ್ತಾಂಶ. ಅವುಗಳ ಮೂಲಕ ಗೆರೆ ಎಳೆದು 60 ಗ್ರಾಂಗೆ ಎಷ್ಟೆಂದು ಮೊದಲೇ ಹೇಳಬೇಕು, ಆಮೇಲೆ ಅಳೆದು ನೋಡಬೇಕು.

ಪ್ರತಿ 10 ಗ್ರಾಂಗೆ ಸುಮಾರು 3 ಮಿ.ಮೀ. ಹಿಗ್ಗುತ್ತಿತ್ತು. ಎಲ್ಲರ ಊಹೆಯೂ 18 ಮಿ.ಮೀ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 31 ಎಂದಳು. ನಾನು ಕರಿಹಲಗೆಯ ಬಳಿಯಿಂದಲೇ, “ಅಳತೆ ತಪ್ಪಾಗಿದೆ, ಅಳಿಸಿ ಇನ್ನೊಮ್ಮೆ ನೋಡಮ್ಮಾ” ಎಂದೆ. ಅವಳು ಅಳಿಸಿದಳು. ಸಂಜೆ ಹಾಳೆಗಳನ್ನು ನೋಡುವಾಗ ಅವಳದರಲ್ಲಿ 18 ಇತ್ತು, ಅದರ ಮೇಲೆ ರಬ್ಬರಿನ ಗುರುತು. ಮೇಡಂ ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಅವಳ ಸ್ಪ್ರಿಂಗ್ ನೋಡಿದಿರಾ?”

ನೋಡಿದೆ. ತೂಕ ತೆಗೆದ ಮೇಲೂ ಅದು ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗಿಯೇ ಉಳಿದಿತ್ತು. ತಾಮ್ರ ಸ್ಥಿತಿಸ್ಥಾಪಕ ಮಿತಿಯನ್ನು ದಾಟಿತ್ತು. ನಾನು ಮನೆಯಲ್ಲಿ ಪ್ರಯೋಗ ಮಾಡಿ ನೋಡಿದ್ದು 40 ಗ್ರಾಂವರೆಗೆ ಮಾತ್ರ!

ಲೋಹದ ವಿರೂಪ ಬಲವೊಂದರ ಲೆಕ್ಕವಲ್ಲ. ಜಾನ್ಸನ್ ಮತ್ತು ಕುಕ್ 1983ರಲ್ಲಿ ಕೊಟ್ಟ ಸೂತ್ರದಲ್ಲಿ ಲೋಹ ಈಗಾಗಲೇ ಎಷ್ಟು ವಿರೂಪಗೊಂಡಿದೆ, ಎಷ್ಟು ವೇಗದಲ್ಲಿ, ಯಾವ ತಾಪದಲ್ಲಿ ಎಂಬ ಮೂರೂ ಸೇರಿವೆ. ಅದರ ಐದು ಸ್ಥಿರಾಂಕಗಳನ್ನು ಪ್ರಯೋಗದಿಂದಲೇ ಪಡೆಯಬೇಕು. ಈಗ ಇದೇ ಸಂಬಂಧವನ್ನು ನರಜಾಲಗಳಿಗೂ ಕಲಿಸುತ್ತಾರೆ. ಸೂತ್ರ ಮೊದಲೇ ಗೊತ್ತಿರಬೇಕಿಲ್ಲ, ಅಳತೆಗಳಿದ್ದರೆ ಸಾಕು. ಆದರೆ ಕಲಿತ ತಾಪ, ವೇಗಗಳ ವ್ಯಾಪ್ತಿಯ ಆಚೆಗೆ ಅವುಗಳ ಉತ್ತರವನ್ನು ನಂಬುವಂತಿಲ್ಲ. ಆಗಲೂ ಅವು ಉತ್ತರವನ್ನಂತೂ ಕೊಡುತ್ತವೆ, ಕರಿಹಲಗೆಯ ಬಳಿ ನಿಂತು ನಾನು ಕೊಟ್ಟ ಹಾಗೆ.

ಮರುದಿನ ಆ ಸ್ಪ್ರಿಂಗನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ, “ತಪ್ಪು ನನ್ನದು, ಇವಳ ಅಳತೆ ಸರಿಯಾಗಿತ್ತು” ಎಂದೆ. ಅವಳು ಹಾಳೆಯಲ್ಲಿ ಮತ್ತೆ 31 ಗುರುತಿಸಿದಳು, ಈ ಸಲ ಪೆನ್ನಿನಲ್ಲಿ. ಮುಂದಿನ ಬೆಂಚಿನ ಹುಡುಗ, “ಹಾಗಾದ್ರೆ ಗೆರೆ ಸುಳ್ಳಾ ಸರ್?” ಎಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವಳೇ, “ನಲವತ್ತರ ತನಕ ನಿಜ” ಎಂದಳು. ನಲವತ್ತೈದಕ್ಕೆ, ಐವತ್ತಕ್ಕೆ ಏನಾಗುತ್ತದೆಂದು ನೋಡಲು ಎಲ್ಲರೂ ಹೊಸ ತಂತಿ ಕೇಳಿದರು. ಅಂದಿನ ತುಕ್ಕಿನ ಪಾಠ ಹಾಗೇ ಉಳಿಯಿತು.