ಅಮ್ಮನ ಮಾರ್ಕ್ಸ್ ಕಾರ್ಡ್

ನಾಗಸಂದ್ರದಲ್ಲಿ ನಮ್ಮ ಬಾಡಿಗೆ ಮನೆ ಇರೋದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮನೆ ನೋಡೋಕೆ ಬಂದಾಗ ಓನರ್ "ಗಾಳಿ ಬೆಳಕು ಚೆನ್ನಾಗಿದೆ, ಮೆಟ್ರೋ ಸ್ಟೇಷನ್ನಿಗೆ ಹತ್ತೇ ನಿಮಿಷ" ಅಂದಿದ್ರು. ಎರಡೂ ನಿಜ. ಮೆಟ್ಟಿಲು ಎಷ್ಟು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಐವತ್ನಾಲ್ಕು. ಎಣಿಸಿದ್ದು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತ ದಿನ.

ಅಮ್ಮನಿಗೆ ಅರವತ್ತೊಂದು. ಗುಬ್ಬಿ ತಾಲೂಕಿನ ನಮ್ಮೂರಲ್ಲಿ ಬೆಳಗಿನ ಜಾವ ಹಾಲು ಕರೆಯೋಕೆ ಎದ್ದವಳು ಕೊಟ್ಟಿಗೆ ಬಾಗಿಲಲ್ಲೇ ಕುಸಿದಿದ್ದಳು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು ಅನ್ನೋದು ಊರಲ್ಲಿ ಯಾರಿಗೆ ಗೊತ್ತು? "ತಲೆ ಸುತ್ತಿರಬೇಕು, ಮಲಗ್ಲಿ" ಅಂತ ಕಾದರು. ಒಬ್ಬರು ಪಾರಿವಾಳದ ರಕ್ತ ಹಚ್ಚೋಕೆ ಹೇಳಿದರು. ತುಮಕೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ. ಜೀವ ಉಳೀತು, ಮಾತೂ ಉಳೀತು. ಎಡಗೈ ಎಡಗಾಲು ಮಾತ್ರ ಅವಳದಲ್ಲ ಅನ್ನೋ ಹಾಗೆ ಬಿದ್ದಿದ್ದವು.

ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ ಇತ್ತು. ಮುಂದೇನು ಅನ್ನೋದಕ್ಕೆ ಕೊನೆಯಲ್ಲಿ ಒಂದೇ ಸಾಲು: ಫಿಸಿಯೋಥೆರಪಿ ಮುಂದುವರಿಸುವುದು. ನಮ್ಮ ಆಫೀಸಲ್ಲಿ ಶುಕ್ರವಾರ ಸಂಜೆ ಟಿಕೆಟ್ ಕ್ಲೋಸ್ ಮಾಡೋದೂ ಹೀಗೇ. ಕೆಲಸ ಮುಗಿದಿರಲ್ಲ, ನಮ್ಮ ಹೆಸರಿಂದ ಆಚೆ ಹೋಗಿರುತ್ತೆ ಅಷ್ಟೇ.

ಮನೆಗೆ ಬಂದು ಹೋಗೋ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗ ಸಿಕ್ಕ. ಒಳ್ಳೆಯವನು, ದಿನಕ್ಕೆ ಮುಕ್ಕಾಲು ಗಂಟೆ ಕೈಕಾಲು ಆಡಿಸಿ ಹೋಗ್ತಿದ್ದ. ಉಳಿದ ಇಪ್ಪತ್ಮೂರು ಗಂಟೆ ಚಿಲ್ಲರೆ ನಮ್ಮದು. ಆ ಹೊತ್ತಲ್ಲಿ ನಾವು ಮಾಡಿದ ತಪ್ಪುಗಳನ್ನು ಈಗ ನೆನೆದರೆ ಹೊಟ್ಟೆ ಕಿವುಚುತ್ತೆ. ಎತ್ತಿ ಕೂರಿಸುವಾಗ ನಾನು ಅವಳ ಎಡಗೈ ಹಿಡಿದೇ ಎಳೀತಿದ್ದೆ, ಹಿಡಿಯೋಕೆ ಸಲೀಸು ಅಂತ. ತಟ್ಟೆಯಲ್ಲಿ ಎಡಭಾಗದ ಪಲ್ಯ ಹಾಗೇ ಉಳೀತಿತ್ತು. ಹೆಂಡತಿ "ನನ್ ಪಲ್ಯ ಅತ್ತೆಗೆ ಸೇರ್ತಿಲ್ಲ" ಅಂತ ಸಪ್ಪಗಾದಳು. ಎರಡನೇ ತಿಂಗಳಲ್ಲಿ ಚಳಿಜ್ವರ ಬಂತು, ಹತ್ತಿರದ ನರ್ಸಿಂಗ್ ಹೋಮಲ್ಲಿ ಯೂರಿನ್ ಇನ್‌ಫೆಕ್ಷನ್ ಅಂದರು, ಆಂಟಿಬಯೋಟಿಕ್ ಕೊಟ್ಟರು. ವಾಸಿಯಾಯ್ತು. ಮೂರು ವಾರಕ್ಕೆ ಮತ್ತೆ ಬಂತು.

ಆಗ ಟೀಮಿನ ಸಹೋದ್ಯೋಗಿಯೊಬ್ಬರು "ರಿಹ್ಯಾಬ್ ಡಾಕ್ಟರ್ ಹತ್ರ ತೋರಿಸಿದ್ರಾ?" ಅಂದರು. ರಿಹ್ಯಾಬ್ ಅಂದ್ರೆ ಕುಡಿತ ಬಿಡಿಸೋ ಜಾಗ ಅಂತಷ್ಟೇ ಗೊತ್ತಿದ್ದ ನಾನು ಪಿಳಿಪಿಳಿ ನೋಡಿದೆ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಅಂತ ಎಂಬಿಬಿಎಸ್ ಆದಮೇಲೆ ಓದೋ ಎಂಡಿಯೇ ಇದೆಯಂತೆ. ಓದಿದವರಿಗೆ ಫಿಸಿಯಾಟ್ರಿಸ್ಟ್ ಅಂತಾರೆ. ಫಿಸಿಯೋಥೆರಪಿಸ್ಟೂ ಅಲ್ಲ, ಸೈಕಿಯಾಟ್ರಿಸ್ಟೂ ಅಲ್ಲ. ಈ ಮೂರು ಹೆಸರನ್ನ ಒಂದೇ ಉಸಿರಲ್ಲಿ ತಪ್ಪಿಲ್ಲದೆ ಹೇಳೋಕೆ ನನಗೆ ಒಂದು ವಾರ ಬೇಕಾಯ್ತು. ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೇ ಅಂತ ನ್ಯೂರಾಲಜಿಕಲ್ ರಿಹ್ಯಾಬಿಲಿಟೇಶನ್ ವಿಭಾಗ ಇದೆ ಅಂತಲೂ ಅವರೇ ಹೇಳಿದ್ದು.

"ನಿಮ್ಹಾನ್ಸಾ? ನನ್ನ ಹುಚ್ಚಾಸ್ಪತ್ರೆಗೆ ಸೇರುಸ್ತೀಯೇನೋ?" ಅಂತ ಅಮ್ಮ ಅತ್ತೇಬಿಟ್ಟಳು. ಅವಳದೂ ಪೂರ್ತಿ ತಪ್ಪಲ್ಲ. ಹಳೇ ಮೆಂಟಲ್ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಎರಡನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಆಗಿದ್ದು. ಐವತ್ತು ವರ್ಷ ಕಳೆದರೂ ನಮ್ಮ ಊರ ಕಡೆ ಬೈಗುಳದಲ್ಲಿ ಇನ್ನೂ ಹಳೇ ಅರ್ಥವೇ ಚಾಲ್ತಿಯಲ್ಲಿದೆ.

ಹೋಗೋದಿನ ಐವತ್ನಾಲ್ಕು ಮೆಟ್ಟಿಲು ಇಳಿಸಿದ್ದು ಪಕ್ಕದ ರೂಮಿನ ಇಬ್ಬರು ರಾಯಚೂರು ಹುಡುಗರು, ಪೀಣ್ಯದ ಫ್ಯಾಬ್ರಿಕೇಶನ್ ಶಾಪಲ್ಲಿ ವೆಲ್ಡಿಂಗ್ ಮಾಡೋರು. ಅಮ್ಮನನ್ನ "ಅವ್ವಾರ" ಅಂತಾರೆ. ನೈಟ್ ಶಿಫ್ಟ್ ಮುಗಿಸಿ ಬಂದು, ಮಲಗೋ ಮುಂಚೆ, ಕುರ್ಚಿ ಹೊತ್ತರು.

ಡಾಕ್ಟರು ನಡುವಯಸ್ಸಿನ ಹೆಂಗಸು. ನಾನು ಎಂಆರ್‌ಐ ಫಿಲ್ಮು ಮುಂದಿಟ್ಟೆ. ಒಂದು ಸಲ ಬೆಳಕಿಗೆ ಹಿಡಿದು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಬಿಟ್ಟು ಅಮ್ಮನ ಕಡೆ ತಿರುಗಿ, ಅವಳ ಎಡಗಡೆಗೆ ಸ್ಟೂಲ್ ಎಳ್ಕೊಂಡು ಕೂತು, "ಅಮ್ಮ, ನಿಮಗೆ ಏನ್ ಮಾಡೋಕೆ ಆಗ್ಬೇಕು?" ಅಂತ ಕೇಳಿದರು.

"ನಡೀಬೇಕು ಮೇಡಂ," ನಾನೇ ಬಾಯಿ ಹಾಕಿದೆ.

ಅಮ್ಮ ಸುಮ್ಮನಿದ್ದಳು. ಡಾಕ್ಟರೂ ಸುಮ್ಮನೆ ಕಾದರು. ಹೊರಗೆ ಅಷ್ಟು ಜನ ಸಾಲಲ್ಲಿ ಕೂತಿರುವಾಗ ಒಬ್ಬ ಡಾಕ್ಟರು ಹಾಗೆ ಕಾದಿದ್ದನ್ನ ನಾನು ನೋಡಿರಲಿಲ್ಲ.

"ನಡೆಯೋದು ಹಾಗಿರ್ಲಿ ಡಾಕ್ಟ್ರಮ್ಮ," ಅಂದಳು ಅಮ್ಮ. "ನಾನೊಬ್ಳೇ ಕಕ್ಕಸ್ಸಿಗೆ ಹೋಗಿ ಬರಂಗಾದ್ರೆ ಸಾಕು. ಮಗನ್ ಕೈಲಿ ತೊಳುಸ್ಕಂಡು ಬದುಕಕ್ಕಾಗಲ್ಲ."

ನನ್ನ ಹೆಂಡತಿ ಆಫೀಸಿಗೆ ಹೋಗೋ ದಿನಗಳಲ್ಲಿ ಆ ಕೆಲಸ ನನ್ನದಾಗಿತ್ತು. ಅಮ್ಮನಿಗೆ ಮಾಡ್ತಿದ್ದೀನಿ, ಇದರಲ್ಲೇನು ನಾಚಿಕೆ ಅಂತ ನಾನು ನನ್ನೊಳಗೇ ಸ್ವಲ್ಪ ಬೀಗ್ತಾನೂ ಇದ್ದೆ. ಅವಳಿಗೆ ಅದು ಹೇಗಿರುತ್ತೆ ಅಂತ ಮೂರು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಡಾಕ್ಟರ ಮುಂದಿನ ಪ್ರಶ್ನೆ: "ದಿನಕ್ಕೆ ಎಷ್ಟು ನೀರು ಕುಡೀತೀರ?" ಅಮ್ಮ ಬೆರಳು ಮಡಚಿದಳು. ಬೆಳಿಗ್ಗೆ ಕಾಫಿ, ಮಾತ್ರೆಗೆ ಎರಡು ಗುಟುಕು, ಊಟಕ್ಕೆ ಅರ್ಧ ಲೋಟ. ಕುಡಿದರೆ ಹೋಗಬೇಕಾಗುತ್ತೆ, ಹೋಗಬೇಕಾದರೆ ನನ್ನ ಕರೀಬೇಕಾಗುತ್ತೆ. ಅದಕ್ಕೇ ಕುಡಿಯೋದನ್ನೇ ಬಿಟ್ಟಿದ್ದಳು. ಎರಡು ಸಲ ಆಂಟಿಬಯೋಟಿಕ್ ತಿನ್ನಿಸಿದ ಇನ್‌ಫೆಕ್ಷನ್ನಿನ ಬೇರು ಇಲ್ಲಿತ್ತು.

ಭುಜ ಮುಟ್ಟಿ ನೋಡಿದರು. ಮೂಳೆ ಗೂಡಿನಿಂದ ಜಾರಿ, ಒಂದು ಬೆರಳು ಹೋಗುವಷ್ಟು ಸಂದಿ ಆಗಿತ್ತು. ಸ್ನಾಯು ಸೋತ ಕೈಯನ್ನ ಅದರ ಭಾರವೇ ಕೆಳಗೆ ಎಳೆಯುತ್ತೆ, ಮೇಲಿಂದ ನಾವೂ ಹಿಡಿದೆಳೆದರೆ? ಯಾರು ಎಳೆದದ್ದು ಅಂತ ಅವರು ಕೇಳಲಿಲ್ಲ. ಸೊಂಟಕ್ಕೆ ಬಟ್ಟೆ ಕಟ್ಟಿ ಅದನ್ನ ಹಿಡಿದು ಹೇಗೆ ಎಬ್ಬಿಸಬೇಕು ಅಂತ ತೋರಿಸಿದರು. ಪಲ್ಯದ ವಿಷಯ ಹೇಳಿದೆ. ಕಣ್ಣು ಸರಿಯಾಗೇ ಇದೆ, ಬಲಭಾಗದ ಮೆದುಳಿಗೆ ಪೆಟ್ಟಾಗಿರೋದರಿಂದ ಎಡಗಡೆ ಅಂತ ಒಂದು ಲೋಕ ಇದೆ ಅನ್ನೋದನ್ನೇ ಗಮನ ಮರೆತಿದೆ ಅಂದರು. ಅವರು ಬಂದ ಕೂಡಲೇ ಎಡಗಡೆ ಸ್ಟೂಲ್ ಹಾಕ್ಕೊಂಡಿದ್ದು ಆಗ ಅರ್ಥವಾಯ್ತು. ಟಿವಿ, ನೀರಿನ ಬಾಟಲಿ, ಮಾತಾಡಿಸೋರು, ಎಲ್ಲಾ ಎಡಕ್ಕೆ ಬರಬೇಕು. ತಟ್ಟೆಯ ಎಡಗಡೆ ಏನಿದೆ ಅಂತ ಪ್ರತಿ ಊಟಕ್ಕೂ ಅವಳ ಬಾಯಲ್ಲೇ ಹೇಳಿಸಬೇಕು. ಹೆಂಡತಿಗೆ ಫೋನ್ ಮಾಡಿ ಪಲ್ಯದ ಮೇಲಿನ ಆರೋಪ ಬಿದ್ದುಹೋಯ್ತು ಅಂತ ಹೇಳಿದೆ.

ಆಮೇಲೆ ಮಾರ್ಕ್ಸ್ ಹಾಕಿದರು. ಬಾರ್ಥೆಲ್ ಇಂಡೆಕ್ಸ್ ಅಂತ ಒಂದು ಪಟ್ಟಿ. 1965ರಲ್ಲಿ ಅಮೆರಿಕದ ಮಹೋನಿ ಅನ್ನೋ ಡಾಕ್ಟರೂ ಬಾರ್ಥೆಲ್ ಅನ್ನೋ ಫಿಸಿಯೋಥೆರಪಿಸ್ಟೂ ಪ್ರಕಟಿಸಿದ್ದು. ಊಟ, ಸ್ನಾನ, ಮುಖ ತೊಳೆದು ತಲೆ ಬಾಚೋದು, ಬಟ್ಟೆ, ಮಲದ ಹಿಡಿತ, ಮೂತ್ರದ ಹಿಡಿತ, ಕಕ್ಕಸಿನ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಸರಿಯೋದು, ನಡಿಗೆ, ಮೆಟ್ಟಿಲು. ಹತ್ತು ವಿಷಯ, ನೂರು ಅಂಕ. ಅಮ್ಮನಿಗೆ 30 ಬಂತು. "ಜಸ್ಟ್ ಪಾಸೂ ಇಲ್ವಾ?" ಅಂದಳು, ಏಳನೇ ಕ್ಲಾಸಿಗೆ ಬಿಟ್ಟವಳು. ನನ್ನ ಕಣ್ಣು ಮಾತ್ರ ಆ ಹತ್ತರಲ್ಲಿ ಮೂರರ ಮೇಲೆ ನಿಂತಿತ್ತು. ನೂರಕ್ಕೆ ಮೂವತ್ತು ಅಂಕ ನೇರ ಅಮ್ಮ ಕೇಳಿದ್ದರ ಮೇಲೇ ಇದೆ. ನಡಿಗೆಗೆ ಇರೋದು ಹದಿನೈದು.

"ಅಡ್ಮಿಟ್ ಮಾಡ್ಕೊಳ್ಳಲ್ವಾ ಮೇಡಂ?" ಅಂತ ಕೇಳಿದೆ. ಆಸ್ಪತ್ರೆಯಲ್ಲಿಟ್ಟರೆ ಬೇಗ ಆಗುತ್ತೆ ಅನ್ನೋ ಆಸೆ. ಒಪ್ಪಿಕೊಳ್ಳಬೇಕು, ಅದರಲ್ಲಿ ನಾಲ್ಕು ದಿನ ನಿದ್ದೆ ಸಿಗುತ್ತೆ ಅನ್ನೋ ಆಸೆಯೂ ಇತ್ತು. "ಕೆಲವರಿಗೆ ಬೇಕಾಗುತ್ತೆ, ಇವರಿಗೆ ಬೇಡ. ಇವರು ಗೆಲ್ಲಬೇಕಾಗಿರೋದು ನಿಮ್ಮ ಮನೆಯ ಬಚ್ಚಲನ್ನ. ಅದು ಇಲ್ಲಿಲ್ಲ, ನಾಗಸಂದ್ರದಲ್ಲಿದೆ. ಅದರ ಫೋಟೋ ಇದೆಯಾ?" ಅಂದರು. ಬಚ್ಚಲಿನ ಫೋಟೋ ಯಾರು ಇಟ್ಕೊಂಡಿರ್ತಾರೆ? ಹೆಂಡತಿಗೆ ಹೇಳಿ ವಾಟ್ಸಾಪಲ್ಲಿ ತರಿಸಿದೆ. ಎಂಆರ್‌ಐಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು. ಹೊಸಿಲು ಎಷ್ಟೆತ್ತರ, ಬಾಗಿಲು ಒಳಕ್ಕೆ ತೆರೆಯುತ್ತಾ ಹೊರಕ್ಕಾ, ನಲ್ಲಿ ಯಾವ ಕಡೆ.

ಅಲ್ಲಿಂದ ಶುರುವಾದ ಆರು ತಿಂಗಳಲ್ಲಿ ನನಗೆ ಗೊತ್ತಾಗಿದ್ದು ಈ ಡಾಕ್ಟರ ಕೆಲಸ ಎಂಥದ್ದು ಅಂತ. ವ್ಯಾಯಾಮ ಮಾಡಿಸೋದು ಫಿಸಿಯೋಥೆರಪಿಸ್ಟ್, ಕೈಕೆಲಸ ಕಲಿಸೋದು ಆಕ್ಯುಪೇಶನಲ್ ಥೆರಪಿಸ್ಟ್, ಪಾದ ಜೋತು ಬೀಳದ ಹಾಗೆ ಪ್ಲಾಸ್ಟಿಕ್ ಪಟ್ಟಿ ಮಾಡಿಕೊಡೋದು ಆರ್ಥೋಟಿಸ್ಟ್. ಇವರೆಲ್ಲ ಯಾವುದಕ್ಕೋಸ್ಕರ, ಯಾವುದನ್ನ ಮೊದಲು, ಎಲ್ಲಿವರೆಗೆ ಅನ್ನೋದನ್ನ ಹಿಡಿದುಕೊಂಡಿರೋದು ಇವರು. ಒಂದು ಉದಾಹರಣೆ ಹೇಳ್ತೀನಿ. ಅಮ್ಮನ ಎಡಗಾಲು ಕೋಲಿನ ಹಾಗೆ ಬಿಗೀತಿತ್ತು. ನಾನು ಗೂಗಲ್ ಮಾಡಿ, ಬ್ಯಾಕ್ಲೋಫೆನ್ ಡೋಸ್ ಜಾಸ್ತಿ ಮಾಡಿ ಅಂದೆ. "ಬೇಡ. ಸದ್ಯ ಅವರು ನಿಂತಿರೋದೇ ಆ ಬಿಗಿತದ ಮೇಲೆ. ಅದನ್ನ ತೆಗೆದರೆ ಕಾಲು ಮಡಚಿಕೊಂಡು ಬೀಳ್ತಾರೆ, ಮೇಲಿಂದ ಮಾತ್ರೆಗೆ ತೂಕಡಿಕೆ ಬೇರೆ," ಅಂದರು. ಮುಷ್ಟಿ ಬಿಚ್ಚದೆ ಉಗುರು ಅಂಗೈಗೆ ಚುಚ್ಚತೊಡಗಿದಾಗ ಮಾತ್ರ, ಆ ಬೆರಳು ಮಡಚೋ ಸ್ನಾಯುಗಳಿಗಷ್ಟೇ ಬೊಟುಲಿನಮ್ ಇಂಜೆಕ್ಷನ್ ಕೊಟ್ಟರು. ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸ್ಕೊಳ್ಳೋ ಬೊಟಾಕ್ಸೇ ಅದು. ಅಮ್ಮನಿಗೆ ಹೇಳಿದ್ದಕ್ಕೆ "ಮಕಕ್ಕೂ ಒಂದು ಹಾಕಿ ಅನ್ನು" ಅಂದಳು. ಸ್ಟ್ರೋಕ್ ಆದಮೇಲೆ ಅವಳು ಮಾಡಿದ ಮೊದಲ ತಮಾಷೆ ಅದು.

ಭಾರತದಲ್ಲಿ ಈ ವೈದ್ಯಶಾಖೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು ವೆಲ್ಲೂರಿನ ಡಾ. ಮೇರಿ ವರ್ಗೀಸ್. ಸರ್ಜನ್ ಆಗೋ ಹೊಸದರಲ್ಲೇ, 1954ರಲ್ಲಿ, ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ವೀಲ್‌ಚೇರಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಹೊವರ್ಡ್ ರಸ್ಕ್ ಹತ್ತಿರ ತರಬೇತಿ ಪಡೆದು ಬಂದು, 1966ರಲ್ಲಿ ವೆಲ್ಲೂರಿನಲ್ಲಿ ರಿಹ್ಯಾಬಿಲಿಟೇಶನ್ ಸಂಸ್ಥೆ ಶುರುಮಾಡಿದರು. ಹಾಸಿಗೆಯಿಂದ ಕುರ್ಚಿಗೆ ಸರಿಯೋದು ಏನು ಅಂತ ತನ್ನ ಮೈಯಿಂದಲೇ ಕಲಿತ ಡಾಕ್ಟರು. ಒಪಿಡಿಯಲ್ಲಿ ಸರದಿಗೆ ಕಾಯ್ತಾ ಫೋನಲ್ಲಿ ಇದನ್ನ ಓದಿ ಅಮ್ಮನಿಗೆ ಹೇಳಿದೆ. "ಆವಮ್ಮನ್ನ ಯಾರು ನೋಡ್ಕಂತಿದ್ರು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಚ್ಚಲ ಕೆಲಸಕ್ಕೆ ಬರ್ತೀನಿ. ನಮ್ಮದು ಇಂಡಿಯನ್ ಕಮೋಡು, ಅದರ ಮೇಲೆ ತೂತಿನ ಕುರ್ಚಿ ಬಂತು. ಬಲಗಡೆ ಗೋಡೆಗೆ ಹಿಡಿಕೆ ಬೇಕು, ನೆಲದಿಂದ ಎಷ್ಟೆತ್ತರ ಅಂತ ಥೆರಪಿಸ್ಟ್ ಚೀಟಿಯಲ್ಲಿ ಗೆರೆ ಎಳೆದು ಕೊಟ್ಟರು. ಆನ್‌ಲೈನಲ್ಲಿ ಸಿಕ್ಕಿದ್ದು ಅಳತೆಗೆ ಕೂರಲಿಲ್ಲ. ರಾಯಚೂರು ಹುಡುಗ ಚೀಟಿ ಇಸ್ಕೊಂಡು ಹೋಗಿ, ಓನರನ್ನ ಕೇಳಿ, ಶಾಪಲ್ಲಿ ಉಳಿದಿದ್ದ ಎಸ್‌ಎಸ್ ಪೈಪಿನ ತುಂಡನ್ನ ಬೆಂಡ್ ಮಾಡಿ, ವೆಲ್ಡ್ ಮಾಡಿ ಉಜ್ಜಿ ತಂದ. ದುಡ್ಡು ಕೊಡೋಕೆ ಹೋದರೆ "ಅವ್ವಾರಿಗ್ ಮಾಡೇನ್ರಿ, ನಿಮಗಲ್ಲ" ಅಂದ. ನೈಟಿ ಅಮ್ಮ ಒಪ್ಪಲಿಲ್ಲ, ಸೀರೆಯೇ ಬೇಕು. ಒಂದು ಕೈಲಿ ಲಂಗದ ಲಾಡಿ ಕಟ್ಟೋಕಾಗಲ್ಲ, ಅದಕ್ಕೆ ಎಲಾಸ್ಟಿಕ್ ಹೊಲಿಸಿ ಅಂತ ಹೇಳಿದ್ದೂ ಥೆರಪಿಸ್ಟೇ. ಇದು ಯಾವ ಪ್ರಿಸ್ಕ್ರಿಪ್ಷನ್ನಲ್ಲೂ ಇರಲ್ಲ.

ನೀರು ಕುಡಿಯೋದು ಶುರುವಾಯ್ತು, ಜ್ವರ ಮತ್ತೆ ಬರಲಿಲ್ಲ. ಒಂದು ರಾತ್ರಿ ಎರಡೂವರೆಗೆ ಬಚ್ಚಲಲ್ಲಿ ಮಗ್ಗಿನ ಸದ್ದಾಯ್ತು. ಧಡಕ್ಕನೆ ಎದ್ದೆ. ಹೆಂಡತಿ ಕೈ ಹಿಡಿದು ಮಲಗಿಸಿದಳು. ಇಬ್ಬರೂ ಕತ್ತಲಲ್ಲಿ ಸದ್ದು ಕೇಳ್ತಾ ಇದ್ವಿ. ಊರುಗೋಲು ಟಕ್, ಕಾಲು ಸರ್ರ್, ಟಕ್, ಸರ್ರ್, ಆಮೇಲೆ ಮಂಚ ಕಿರ್ ಅಂದಿದ್ದು.

ಈಗ ಆಸ್ಪತ್ರೆಗೆ ಮೆಟ್ರೋದಲ್ಲೇ ಹೋಗ್ತೀವಿ. ಮೆಟ್ಟಿಲು ಇಳಿಯೋಕೆ ಇಪ್ಪತ್ತು ನಿಮಿಷ. ನಾನು ಒಂದು ಮೆಟ್ಟಿಲು ಕೆಳಗೆ, ಅವಳ ಎಡಗಡೆ. ನಾಗಸಂದ್ರದಿಂದ ಲಾಲ್‌ಬಾಗ್, ಅಲ್ಲಿಂದ ಆಟೋ. ಕಳೆದ ಸಲ 75 ಬಂತು. ಸ್ನಾನಕ್ಕೆ ಇನ್ನೂ ಸೊನ್ನೆ, ಸೊಸೆಯೇ ಮಾಡಿಸಬೇಕು. ಎಡಗೈ ಹಸು ಕರೆಯೋ ಮಟ್ಟಕ್ಕೆ ಬರೋದು ಕಷ್ಟ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲ ಮೂರು ತಿಂಗಳ ವೇಗ ಆಮೇಲೆ ಇರಲ್ಲ, ಬಂದರೂ ನಿಧಾನವಾಗಿ ಬರುತ್ತೆ ಅಂದರು. ಆ ಮೂರು ತಿಂಗಳನ್ನು ನಾವು ಏನು ಮಾಡಿದ್ವಿ ಅನ್ನೋದನ್ನ ಅವರು ಎತ್ತಲಿಲ್ಲ, ನಾನು ಮರೆತಿಲ್ಲ. ಅಮ್ಮ ಹೊರಗೆ ಬಂದು ಅತ್ತಳು, ಜಾಸ್ತಿ ಹೊತ್ತಲ್ಲ.

ಊರಿಗೆ ಹೋಗ್ತೀನಿ ಅಂತ ಈಗ ಹಟ. ನಾನು ಬೇಡ ಅಂದೆ. ಡಾಕ್ಟರ ಹತ್ತಿರ ದೂರು ಹೋಯ್ತು. ಅವರು ನನ್ನ ಪರ ನಿಲ್ತಾರೆ ಅಂದ್ಕೊಂಡಿದ್ದೆ. "ಊರ ಬಚ್ಚಲಿನ ಫೋಟೋ ತರಿಸಿ" ಅಂದರು.

ಊರಲ್ಲಿ ಕಕ್ಕಸು ಮನೆ ಹಿಂದೆ, ಹಿತ್ತಲ ದಾಟಿ. ಅಪ್ಪ ಗಾರೆಯವರನ್ನ ಕರೆಸಿ ಅಡುಗೆಮನೆ ಪಕ್ಕ ಹೊಸದು ಕಟ್ಟಿಸ್ತಿದ್ದಾನೆ. ಇನ್ನೊಂದು ಪೈಪು ಪೀಣ್ಯದಿಂದ ತಯಾರಾಗಿ ಗುಬ್ಬಿ ಬಸ್ಸಲ್ಲಿ ಹೋಯ್ತು. ನಿನ್ನೆ ಅಪ್ಪ ಫೋನ್ ಮಾಡಿ "ಪೈಪು ಎಡಕ್ಕೋ ಬಲಕ್ಕೋ? ಗಾರೆಯವ್ನು ಕಾಯ್ತಾವ್ನೆ" ಅಂದ. ನಾನು ಬಾಯಿ ತೆಗೆಯೋ ಮುಂಚೆ ಅಮ್ಮ ಮಂಚದಿಂದಲೇ ಕೂಗಿದಳು: "ಬಲಕ್ಕೆ ಕಣೋ ಅಂತ ಹೇಳೋ! ಮೊಣಕೈ ಎತ್ರಕ್ಕೆ!"